ಬಗ್ಗಿದ ಬೆರಳು, ಬಗ್ಗದ ದಲ್ಲಾಳಿ

ನಾ ಎಲ್ಲಿಗೇ ಹೋಗಲಿ, ನನಗಿಂತ ಒಂದು ಹೆಜ್ಜಿ ಮುಂದ ನನ್ನ ಬಲಗೈ ಹೋಗಿ ಏನಾದರೊಂದು ಭಾನಗಡಿ ಮಾಡಿ ಇಟ್ಟಿರತೈತಿ. ಮೊನ್ನೆ ಒಂದು ಮದುವ್ಯಾಗ ಬೀಗರಿಗೆ ಕೈ ಮುಗಿದೆ. ಉಂಗುರದ ಬೆರಳೂ ಕಿರುಬೆರಳೂ ಚೂರು ಒಳಗ ಮಡಚಿದ್ದು ನೋಡಿ, ಈ ಮುದುಕ ನಮಗ ಮುಕ್ಕಾಲು ನಮಸ್ಕಾರ ಮಾಡಿದ ಅಂತ ಅವರು ಮಾರಿ ತಿರುವಿದರು. ತಿರುವಲಿ. ಈ ಕೈ ನೋಡಿ ಮಾರಿ ತಿರುವಿದವರು ಭಾಳ ಮಂದಿ ಆಗಿ ಹೋಗ್ಯಾರ, ಕಡೀಕ ಗೆದ್ದದ್ದು ಕೈ. ಅದು ಹೆಂಗ ಗೆದ್ದಿತು ಅನ್ನೂದನ್ನ ಇಲ್ಲಿ ಬರದೀನಿ. ಇದರಾಗ ಸುಳ್ಳು ಒಂದೂ ಇಲ್ಲ. ಇದ್ದರ ಅದು ನಾ ಕಡಿಮಿ ಮಾಡಿ ಹೇಳಿದ್ದು.

ವಲ್ಲಿಯೊಳಗಿನ ಮಾತು

ನಾ ದನದ ದಲ್ಲಾಳಿ. ಮನಿ ಶಿರಹಟ್ಟ್ಯಾಗ, ಆದರ ಮುಂಡರಗಿ, ಲಕ್ಷ್ಮೇಶ್ವರ, ಗದಗ, ಎಲ್ಲೆಲ್ಲಿ ದನದ ಸಂತಿ ಕೂಡತಿತ್ತೋ ಅಲ್ಲೆಲ್ಲಾ ನನ್ನ ಹೆಗಲ ಮ್ಯಾಲಿನ ವಲ್ಲಿ ಹಾರತಿತ್ತು. ಹರೇದಾಗ ಡೋಣಿ ಗುಡ್ಡದ ಕಡಿಂದ ಹಗ್ಗ ಹರಕೊಂಡು ಬಂದ ಹೋರಿಯನ್ನ ಇವೇ ಎರಡು ಬೆರಳಿಲೆ ಕೊಂಬು ಹಿಡಿದು ನಿಲ್ಲಿಸೀನಿ. ಹೋರಿ ನಿಂತಿತು, ನನ್ನ ಮಾರಿ ನೋಡಿತು, ನಾಚಿಕೊಂಡು ತಾನೇ ಗೂಟಕ್ಕ ಹೋಗಿ ನಿಂತಿತು. ಅದನ್ನ ಕಣ್ಣಾರೆ ನೋಡಿದವರು ಈಗ ಯಾರೂ ಉಳಿದಿಲ್ಲ, ಅದು ನನ್ನ ತಪ್ಪಲ್ಲ.

ನಮ್ಮ ಧಂದೇದಾಗ ದರ ಬಾಯಿಲೆ ಹೇಳೂದಿಲ್ಲ. ನಾಕು ಮಂದಿಯ ಕಿವಿಗೆ ಬಿದ್ದರ ವ್ಯಾಪಾರ ಕೆಡತೈತಿ. ದಲ್ಲಾಳಿ ತನ್ನ ಕೈಗೂ ಎದುರಿನವನ ಕೈಗೂ ಕೂಡಿಸಿ ವಲ್ಲಿ ಹೊಚ್ಚತಾನ. ಒಳಗ ಎಷ್ಟು ಬೆರಳು ಚಾಚತಾನೋ ಅದರ ಮ್ಯಾಲೆ ದರ. ಎದುರಿನವ ಮುಟ್ಟಿ ತಿಳಕೋತಾನ. ಹೊರಗ ಇಬ್ಬರೂ ಮಳಿ ಬೆಳಿ ಮಾತಾಡತಿರತಾರ. ದಲ್ಲಾಳಿಯ ನಾಲಿಗಿ ಒಂದೀಟು ಆಕಡೆ ಈಕಡೆ ಆದರ ಜನ ನಕ್ಕು ಬಿಡತಾರ. ಕೈ ಮಾತ್ರ ಖರೆ ಹೇಳಬೇಕು.

ದೇಶಕ್ಕ ಸ್ವಾತಂತ್ರ್ಯ ಬರೂದಕ್ಕ ಸ್ವಲ್ಪ ಮೊದಲು ನನ್ನ ಅಂಗೈಯಾಗ, ಉಂಗುರದ ಬೆರಳಿನ ಬುಡಕ್ಕ, ತೊಗರಿಕಾಳಿನಷ್ಟು ಒಂದು ಗಂಟು ಎದ್ದಿತು. ನೋವಿಲ್ಲ, ತುರಿಕಿಲ್ಲ. ಬರಬರತಾ ಆ ಗಂಟಿನಿಂದ ಬೆರಳಿನ ಕಡೆ ಚರ್ಮದ ಕೆಳಗ ಒಂದು ಹುರಿ ಮೂಡಿತು. ನಾ ಲಕ್ಷ್ಯ ಕೊಡಲಿಲ್ಲ. ಎಷ್ಟೋ ಎತ್ತಿಗೆ ಹಗ್ಗ ಹಾಕಿದವ ನಾ, ನನ್ನ ಬೆರಳಿಗೇ ಯಾರೋ ಒಳಗಿಂದ ಹಗ್ಗ ಹಾಕಿ ಜಗ್ಗಾಕತ್ತಾರ ಅಂತ ನನಗೆ ಹೆಂಗ ತಿಳೀಬೇಕು.

ಮುಂಡರಗಿ ಸಂತ್ಯಾಗ ಡೋಣಿಯ ಒಬ್ಬ ರೈತನ ಜೋಡೆತ್ತು ಮಾರೂದಿತ್ತು. ಕೊಳ್ಳಾಕ ಬಂದಾವ ಅಂತೂರ ಬೆಂತೂರದ ಒಬ್ಬ ಗೌಡ. ನಾ ವಲ್ಲಿ ಹೊಚ್ಚಿ ಐದೂ ಬೆರಳು ಚಾಚಿದೆ. ಗೌಡ ಮುಟ್ಟಿದ, ಕಣ್ಣು ಅರಳಿಸಿದ, ಮತ್ತೊಮ್ಮೆ ಮುಟ್ಟಿದ, ನನ್ನ ಬೆನ್ನು ಚಪ್ಪರಿಸಿ ಆತು ತಗೊಂಡೆ ಅಂದ. ಜಗ್ಗಾಟಿಲ್ಲ, ಕೊಸರಾಟಿಲ್ಲ. ನನ್ನ ಜಾಣತನಕ್ಕ ನಾನೇ ಮೀಸಿ ತಿರುವಿದೆ. ರೊಕ್ಕ ಕೊಡೂ ಮುಂದ ತಿಳೀತು, ಗೌಡನ ಕೈಗೆ ಸಿಕ್ಕದ್ದು ಮೂರೇ ಬೆರಳು ಅಂತ.

ಡೋಣಿಯವ ಎತ್ತಿನ ಹಗ್ಗ ಹಿಡಿದು ಕುಂತ. ಗೌಡ ಎತ್ತಿನ ಬಾಲ ಹಿಡಿದು ನಿಂತ. ಸಂತಿಯ ಹಿರೇರು ಕೂಡಿದರು. ಅವರ ನಡುವ ಲಕ್ಷ್ಮೇಶ್ವರದ ದಲ್ಲಾಳಿ ಒಬ್ಬ ಬಂದು ನಿಂತ. ನನ್ನ ಹಳೇ ವೈರಿ. ಅಂವ ಎಲ್ಲಾರಿಗೂ ಕೇಳೂ ಹಂಗ ಹೇಳಿದ:

“ಇವನ ಕೈ ಸುಳ್ಳು ಹೇಳಾಕ ಕಲಿತೈತ್ರಿ. ಇನ್ನ ವಲ್ಲಿ ಮಡಚಿ ಮನ್ಯಾಗ ಇಡಲಿ.”

ನಾ ಸುಮ್ನಿರತೀನೇನು. ಕೈ ಮ್ಯಾಲೆತ್ತಿ, ಎಣಿಸ್ರಿ ಅಂದೆ. ಒಬ್ಬ ಹಿರಿಯ ಐದು ಅಂದ. ಇನ್ನೊಬ್ಬ ಮೂರು ಅಂದ. ಮೂರನೇದಾವ ಭಾಳ ನ್ಯಾಯವಂತ. ಕಣ್ಣು ಸಣ್ಣ ಮಾಡಿ ನನ್ನ ಕೈ ಸುತ್ತ ಒಂದು ಪ್ರದಕ್ಷಿಣಿ ಹಾಕಿ, ನಾಕರ ಮ್ಯಾಲೆ ಚೂರು ಅಂದ. ಅದೇ ದರಕ್ಕ ಎತ್ತು ಹೋದವು.

ಇರುವಿ ಮತ್ತು ಇಲಿ

ವಲ್ಲಿ ಹೋದರ ನನ್ನ ಅನ್ನ ಹೋತು. ಅನ್ನ ಹೋದರೂ ನಡದೀತು, ಆ ಲಕ್ಷ್ಮೇಶ್ವರದಾವ ನಗೂದನ್ನ ನನಗೆ ತಡಕೊಳ್ಳಾಕ ಆಗಂಗಿಲ್ಲ. ಹಂಗಾಗಿ ಈ ಕೈ ಮುಚ್ಚಗೊಡಂಗಿಲ್ಲ ಅಂತ ಅವತ್ತೇ ಶಪಥ ಮಾಡಿದೆ.

ಊರವರು ನಾಕೂ ದಿಕ್ಕಿನಿಂದ ಶಾಣ್ಯಾತನ ತಂದು ಸುರಿದರು. ನಾಗದೋಷ ಅಂದರು, ವಾತ ಅಂದರು. ಒಬ್ಬಾವಂತೂ, ಯಾರಿಗೂ ಒಂದು ಕಪ್ಪು ಚಾ ಕುಡಿಸದವರ ಕೈ ಹಿಂಗೇ ಮುಚ್ಚಿಕೋತಾವ ಅಂದ. ಅವನಿಗೆ ಚಾ ಕುಡಿಸಿದೆ. ಬೆರಳು ಬಿಚ್ಚಲಿಲ್ಲ, ಅವ ಮಾತ್ರ ದಿನಾ ಬರಾಕ ಹತ್ತಿದ.

ಕಡೀಕ ಬೆಟಗೇರಿಯ ಒಂದು ದವಾಖಾನಿಗೆ ಹೋದೆ. ಡಾಕ್ಟರು ನನ್ನ ಅಂಗೈಯ ಗಂಟು ಒತ್ತಿ ನೋಡಿ, ಕೈಯನ್ನ ಮೇಜಿನ ಮ್ಯಾಲೆ ಬೋರಲು ಚಪ್ಪಟಿ ಇಡ್ರಿ ಅಂದರು. ಇಟ್ಟೆ. ಎರಡು ಬೆರಳಿನ ಕೆಳಗ ಸಣ್ಣ ಸಂದು ಉಳೀತು. ಸೋಲೂದು ನನಗ ರೂಢಿ ಇಲ್ಲ. ಮೈಯ ಭಾರ ಎಲ್ಲಾ ಹಾಕಿ ಒತ್ತಿದೆ. ಸಂದು ಹಂಗೇ ಉಳೀತು, ಮೇಜಿನ ಒಂದು ಕಾಲು ಮುರೀತು. ಡಾಕ್ಟರು ಮಸಿ ಕುಡಿಕಿ ಹಿಡಕೊಂಡು, ಇದು ತಾಕತ್ತಿನ ಪರೀಕ್ಷಾ ಅಲ್ಲ ಯಜಮಾನ್ರ, ಅಂದರು.

ಆಮ್ಯಾಲೆ ತಿಳಿಸಿ ಹೇಳಿದರು. ಅಂಗೈಯ ಚರ್ಮದ ಕೆಳಗಿನ ಪದರ ದಪ್ಪಾಗಿ ಹುರಿಗಟ್ಟಿ ಬೆರಳು ಜಗ್ಗತೈತಿ. ಪಾಪ ಮಾಡಿದ್ದಕ್ಕ ಬಂದದ್ದಲ್ಲ, ನಾಗಪ್ಪಂದೂ ಇದರಾಗ ಏನೂ ಇಲ್ಲ. ಗುಳಿಗಿ ಇಲ್ಲ, ಸೂಜಿ ಇಲ್ಲ. ಕೆಲವರಿಗೆ ಎಷ್ಟೋ ವರ್ಷ ಇದ್ದಲ್ಲೇ ಇರತೈತಿ, ಕೆಲವರಿಗೆ ಮುಚ್ಚಿಕೋತ ಹೋಗತೈತಿ. ಕೈ ಬೆಚ್ಚಗ ಇಟ್ಟು ಎಣ್ಣಿ ಹಚ್ಚಿ ಬೆರಳು ಮೆಲ್ಲಕ ಬಿಡಿಸಬೇಕು, ಜಗ್ಗಾಡಬಾರದು. ಯಾವುದನ್ನೂ ಬಿಗಿಯಾಗಿ ಮುಷ್ಟಿ ಕಟ್ಟಿ ಹಿಡೀಬಾರದು, ಬಾರಕೋಲಿನ ಹಿಡಿಕಿಗೆ ದಪ್ಪ ಅರಿವಿ ಸುತ್ತಬೇಕು. ಇದರಿಂದ ಪೂರಾ ನಿಲ್ಲತೈತಿ ಅಂತ ನಾ ಹೇಳಂಗಿಲ್ಲ, ಕೈ ಬಳಕಿಯಾಗ ಇರತೈತಿ, ಅಂದರು.

“ಈಗ ಈ ಸಂದಿನ್ಯಾಗ ಒಂದು ಇರುವಿ ದಾಟತೈತಿ. ಇರುವಿ ದಾಟೂ ತನಕ ಕಾಯೂಣು. ಇಲಿ ದಾಟಾಕ ಹತ್ತಿತಂದರ ಬರ್ರಿ, ಕೊಯ್ಯೂಣು.”

ಹೊರಡೂ ಮುಂದ ಇನ್ನೊಂದು ಕೇಳಿದರು. ಇದು ಮನೆತನದಾಗ ಬರೂದು ಹೆಚ್ಚು, ನಿಮ್ಮ ಅಪ್ಪನ ಕೈ ಹೆಂಗಿತ್ತು?

ನಾ ಅಲ್ಲೇ ಕುಂತುಬಿಟ್ಟೆ. ನಮ್ಮಪ್ಪನ ಬಲಗೈ ಯಾವತ್ತೂ ಮುಷ್ಟಿ. ಉಣ್ಣೂ ಮುಂದ, ಕುಂಡ್ರೂ ಮುಂದ, ದೇವರಿಗೆ ಅಡ್ಡ ಬೀಳೂ ಮುಂದ ಸುದ್ದಾ ಮುಷ್ಟಿ. ಈಗ ಗುದ್ದತಾನ, ಈಗ ಗುದ್ದತಾನ ಅಂತ ಅಂಜಿ ಅಂಜಿ ನಾವು ಅಣ್ಣತಮ್ಮರೆಲ್ಲಾ ಸಜ್ಜನರಾಗಿ ಬೆಳದಿದ್ದಿವಿ. ಪಾಪ, ಅಂವಗ ಬ್ಯಾನಿ ಇತ್ತು.

ಸಲಾಮು

ಸ್ವಾತಂತ್ರ್ಯ ಬಂದ ಮುಂಜಾನಿ ಗದಗಿನ್ಯಾಗ ಧ್ವಜ ಏರಸ್ತಾರಂತ ಹೊಸಾ ಧೋತರ ಉಟ್ಟು ಹೋದೆ. ಗದ್ದಲ ಅಂದರ ಗದ್ದಲ. ನಾ ಎದಿ ಉಬ್ಬಿಸಿದ ಜೋರಿಗೆ ಮುಂದಿನ ಮೂರು ಸಾಲು ತಾವೇ ಸರಿದವು. ಎಲ್ಲಾರೂ ಹಣಿಗೆ ಕೈ ಹಚ್ಚಿ ಸಲಾಮು ಮಾಡಿದರು, ನಾನೂ ಮಾಡಿದೆ. ಮೂರು ಬೆರಳು ನೆಟ್ಟಗ, ಎರಡು ಬೆರಳು ಮಡಚಿ.

ಅಲ್ಲಿ ಒಬ್ಬ ಪೊಲೀಸ ಜಮಾದಾರ ಜನ ಸರಿಸಾಕ ನಿಂತಿದ್ದ. ಗುರುತಿನಾವನ. ಹಿಂದಿನ ತಿಂಗಳ ತನಕ ಬಿಳೀ ಸಾಹೇಬರ ಮೋಟಾರಿನ ಧೂಳು ಕಂಡರೂ ಹಣಿ ಮೊಣಕಾಲಿಗೆ ಹತ್ತೂ ಹಂಗ ಬಗ್ಗತಿದ್ದ. ಅಂವ ನನ್ನ ಕೈ ನೋಡಿ, ಧ್ವಜಕ್ಕ ಬಗ್ಗಿದ ಕೈ ತೋರಸ್ತೀ, ನೆಟ್ಟಗ ಮಾಡಲೇ ಅಂತ ಗದರಿಸಿದ. ನಾ ಕೈ ಇಳಿಸಲಿಲ್ಲ.

“ಜಮಾದಾರ್ರ, ಇಷ್ಟು ವರ್ಷ ನೀವು ಪೂರಾ ಬಗ್ಗಿದ್ದಿರಿ, ನಾ ಏನೂ ಅನ್ನಲಿಲ್ಲ. ನನ್ನವು ಎರಡೇ ಬೆರಳು ಬಗ್ಯಾವ.”

ಸುತ್ತಲಿನ ಮಂದಿ ನಕ್ಕ ನಗಿಗೆ ಧ್ವಜ ಗಾಳಿ ಇಲ್ಲದ ಹಾರಿತು.

ಮಾರಿ ತೊಳಿಯೂದು

ಇದು ಸಣ್ಣದು, ಹೇಳಬಾರದು ಅಂತಿದ್ದೆ. ಈ ಬ್ಯಾನಿ ಇದ್ದವರು ಮಾರಿ ತೊಳಿಯೂದೇ ಒಂದು ಯುದ್ಧ. ಅಂಗೈ ಮಾರಿಗೆ ಹೋಗತೈತಿ, ಅದಕ್ಕಿಂತ ಮೊದಲು ಮಡಚಿದ ಕಿರುಬೆರಳು ಹೋಗಿ ಕಣ್ಣಿಗೋ ಮೂಗಿಗೋ ನಾಟತೈತಿ. ಎಷ್ಟೋ ಎತ್ತಿನ ಮೂಗಿನ್ಯಾಗ ಬೆರಳಿಟ್ಟು ಮೂಗುದಾರ ನೋಡಿದಾವ ನಾ, ಒಂದು ಮುಂಜಾನಿ ನನ್ನ ಬೆರಳು ನನ್ನ ಮೂಗಿನ್ಯಾಗೇ ಸಿಕ್ಕೊಂಡಿತು. ಜಗ್ಗಿದರ ಬೆರಳಿನ ಹಿಂದ ತಲಿನೂ ಬರಾಕತ್ತಿತು. ಹೆಂಡತಿ ಬಾಗಿಲದಾಗ ನಿಂತು ನೋಡಿದಳು.

“ಹಂಗೇ ಹಿಡಕೊಂಡು ಹಿತ್ತಲಕ್ಕ ಬರ್ರಿ,” ಅಂದಳು. “ಎತ್ತಿನ ಗ್ವಾದಲಿಗೆ ಕಟ್ಟತೀನಿ.”

ಎರಡನೇ ಸಪ್ಪಳ

ಎಣ್ಣಿ ಹಚ್ಚಿ ಬೆರಳು ಬಿಡಿಸಿಕೋತ ಕುಂಡ್ರಾಕ ನನಗೆ ತಾಳ್ಮಿ ಸಾಲಲಿಲ್ಲ. ಹೋರಿ ಹಿಡಿದ ಕೈ, ಎಣ್ಣಿ ಬಟ್ಟಲ ಮುಂದ ಎಷ್ಟು ಹೊತ್ತು ಸುಮ್ನಿದ್ದೀತು. ನಡುವ ಯಾರ ಮ್ಯಾಲಾದರೂ ಸಿಟ್ಟು ಬಂದರ ಮತ್ತ ಮುಷ್ಟಿ. ಲಕ್ಷ್ಮೇಶ್ವರದಾವ ನೆನಪಾದರಂತೂ ಎರಡೂ ಕೈ ಮುಷ್ಟಿ.

ಹೆಂಡತಿ ಹಲಗಿ ಮುಂದ ಕುಂತು ರೊಟ್ಟಿ ಬಡಿಯಾಕತ್ತಿದ್ದಳು. ನನ್ನ ಒದ್ದಾಟ ನೋಡಿ ನೋಡಿ ಸಾಕಾಗಿ ತನ್ನ ಅಂಗೈ ನನ್ನ ಮಾರಿ ಮುಂದ ಹಿಡಿದಳು. ಹಲಗಿಯಷ್ಟೇ ಚಪ್ಪಟಿ. ಸಣ್ಣಾಕಿದ್ದಾಗಿಂದ ಬಡದು ಬಡದು ಹಿಂಗಾಗೈತಿ, ಮುಷ್ಟಿ ಕಟ್ಟಿ ಯಾರೂ ರೊಟ್ಟಿ ಬಡಿಯಾಕ ಆಗಂಗಿಲ್ಲ, ನೀವೂ ಕುಂಡ್ರಿ ಅಂದಳು. ನಾ ರೇಗಿದೆ. ಕೊಂಬು ಹಿಡಿದು ಹೋರಿ ನಿಲ್ಲಿಸಿದ ಕೈ ಇದು ಅಂದೆ.

“ಆ ಹೋರಿ ನಿಮ್ಮನ್ನ ನೋಡಿ ನಾಚಿತ್ತಲ್ಲ,” ಅಂದಳು. “ಹಿಟ್ಟೂ ನಾಚತೈತಿ. ಬಡೀರಿ.”

ಬಾಗಿಲ ಅಗಳಿ ಹಾಕಿಸಿ ಕುಂತೆ. ಮೊದಲನೇ ರೊಟ್ಟಿ ಒಂದು ಕಡೆ ಡೋಣಿ ಗುಡ್ಡ, ಒಂದು ಕಡೆ ಕೊರ್ಲಹಳ್ಳಿ ಹೊಳಿ ಇದ್ದಂಗ ಆತು. ಎರಡು ಬೆರಳು ಬಗ್ಗಿ ಬಿದ್ದಲ್ಲೆಲ್ಲಾ ತೂತು. ಎಮ್ಮಿಗೆ ಹಾಕಿದರ ಎಮ್ಮಿ ಮೂಸಿ, ನನ್ನ ಮಾರಿ ನೋಡಿ, ಹಿಂದಕ್ಕ ಸರೀತು. ನಾ ಬಿಡಲಿಲ್ಲ. ಬಿಸಿ ನೀರು ಹಾಕಿ ನಾದಿದ ಹಿಟ್ಟು ಕೈಗೆ ಬೆಚ್ಚಗ ಹತ್ತತಿತ್ತು, ಬೆರಳು ಸಡಲತಿದ್ದವು, ಬಡಿದಂಗ ಬಡಿದಂಗ ಹಲಗಿ ಮ್ಯಾಲೆ ಚಾಚತಿದ್ದವು. ಬರಬರತಾ ನನ್ನ ರೊಟ್ಟಿ ಬಂಡಿ ಗಾಲಿಯಷ್ಟು ಅಗಲ ಆಗಿ, ವೀಳ್ಯದೆಲಿಗಿಂತ ತೆಳ್ಳಗ ಆದವು. ಹೊರಗ ಒಣ ಹಾಕಿದರ ಗಾಳಿಗೆ ಹಾರಿ ಹೋಗತಾವಂತ ಹೆಂಡತಿ ಅದರ ಮ್ಯಾಲೆ ಕಲ್ಲು ಇಡತಿದ್ದಳು.

ಎಲ್ಲಾ ಗುಟ್ಟಿನ್ಯಾಗ ನಡದಿತ್ತು. ಆದರ ರೊಟ್ಟಿ ಬಡಿಯೂ ಸಪ್ಪಳಕ್ಕ ಅಗಳಿ ಹಾಕಾಕ ಆಗಂಗಿಲ್ಲಲ್ಲ. ಒಂದಿನ ಬಾಜೂ ಮನಿ ಮುದುಕಿ ಗ್ವಾಡಿ ಮ್ಯಾಲಿಂದ ಇಣಿಕಿ ನನ್ನ ಹೆಂಡತಿಯನ್ನ ಕರದಳು. ಒಂದೇ ಹೆಣ್ಣಿನ ಮನ್ಯಾಗ ದಿನಾ ಎರಡು ಮಂದಿ ಬಡಿಯೂ ಸಪ್ಪಳ ಬರತೈತಿ, ಯಜಮಾನ ಎರಡನೇದಾಕಿನ್ನ ತಂದು ಒಳಗ ಇಟ್ಟಾನೇನು ಅಂತ ಕಣ್ಣೀರು ತಂದು ಕೇಳಿದಳು.

“ಹೂನಬೇ, ತಂದಾರ,” ಅಂದಳು ನನ್ನ ಹೆಂಡತಿ. “ಏನು ಮಾಡೂದು, ಆಕಿಗೆ ಮೀಸಿ ಅದಾವ.”

ಎರಡು ಕೊಕ್ಕಿ

ವರ್ಷ ಕಳದವು. ನಾ ಆಗಾಗ ಬೆಟಗೇರಿಗೆ ಹೋಗಿ ಡಾಕ್ಟರ ಮೇಜಿನ ಮ್ಯಾಲೆ ಕೈ ಇಟ್ಟು ಬರತಿದ್ದೆ. ಅವರು ಹೊಸಾ ಮೇಜು ಮಾಡಿಸಿದ್ದರು, ಕಾಲು ಭಾಳ ದಪ್ಪ. ಪ್ರತಿ ಸಲ ನೋಡಿ, ಇರುವಿ ಇನ್ನೂ ಇರುವಿನೇ ಐತಿ ಅನ್ನತಿದ್ದರು. ರೊಟ್ಟಿಯಿಂದ ನಿಂತೈತೋ, ತಾನೇ ನಿಂತೈತೋ, ನನಗ ಗೊತ್ತಿಲ್ಲ ಅಂದರು. ನಿಮಗ ಗೊತ್ತಿಲ್ಲದಿದ್ದರ ಬಿಡ್ರಿ, ನನಗ ಗೊತ್ತೈತಿ ಅಂದೆ.

ಆದರ ಸಂತಿಯ ಮಂದಿ ಹಳೇದು ಮರೀಲಿಲ್ಲ. ಲಕ್ಷ್ಮೇಶ್ವರದಾವ ಮರಿಯಗೊಡಲಿಲ್ಲ. ಹೋದಲ್ಲಿ ಬಂದಲ್ಲಿ ಸುಳ್ಳು ಕೈ, ಸುಳ್ಳು ಕೈ ಅಂತ ಸಾರಿದ. ಅಂವ ಈಗ ದೊಡ್ಡ ಮನಶ್ಯಾ ಆಗಿದ್ದ. ಬಿರುಬಿಸಲಾಗೂ ಕರೀ ಕೋಟು ಹಾಕಿ, ಬಲಗೈ ಕಿಸೆದಾಗ ಇಟ್ಟು ಠೀವಿಲೆ ತಿರಗತಿದ್ದ. ವಲ್ಲಿಯೊಳಗ ಕೈ ಹಾಕೂ ಕೆಲಸ ತನ್ನ ಆಳಿಗೆ ಬಿಟ್ಟಿದ್ದ. ನನಗಂತೂ ಮೈ ಉರೀತಿತ್ತು.

ನಾಡು ಒಂದಾಗೂ ವರ್ಷ ಅದು. ಎಲ್ಲಿ ನೋಡಿದರೂ ಕನ್ನಡದವರೆಲ್ಲಾ ಒಂದಾಗಬೇಕು ಅಂತ ಮೆರವಣಿಗಿ. ಲಕ್ಷ್ಮೇಶ್ವರ ಸಂತ್ಯಾಗ ಮಾತ್ರ ನಾವಿಬ್ಬರು ಹರಕೊಂಡು ನಿಂತಿದ್ದಿವಿ. ಕೊರ್ಲಹಳ್ಳಿಯ ರೈತನೊಬ್ಬ ತನ್ನ ಎತ್ತು ನನ್ನ ಕೈಗೆ ಒಪ್ಪಿಸಿದ. ಕೊಳ್ಳಾವನ ಕಡಿಂದ ಬಂದ ದಲ್ಲಾಳಿ ಇದೇ ಕೋಟಿನಾವ. ಇಂಥಾ ಕೈಯ ಸಂಗಡ ವ್ಯಾಪಾರ ಮಾಡಂಗಿಲ್ಲ ಅಂತ ಕೂಗಾಡಿದ. ಸಂತಿಯ ಹಿರೇರಿಗೆ ಬ್ಯಾಸರಾಗಿ ಒಂದು ತೀರ್ಮಾನ ಮಾಡಿದರು. ನಾ ಎಷ್ಟು ಬೆರಳು ತೋರಸ್ತೀನಿ ಅನ್ನೂದನ್ನ ಮೊದಲೇ ಅವರ ಕಿವ್ಯಾಗ ಹೇಳಬೇಕು. ಅಂವ ವಲ್ಲಿಯೊಳಗ ಮುಟ್ಟಿ ಎಷ್ಟು ಸಿಕ್ಕವು ಅಂತ ಆಮ್ಯಾಲೆ ಹೇಳಬೇಕು. ಎರಡೂ ಹೊಂದಿದರ ನನ್ನ ವಲ್ಲಿ ಉಳೀತು, ತಪ್ಪಿದರ ಅವತ್ತೇ ಅಲ್ಲೇ ವಲ್ಲಿ ಕೆಳಗಿಡಬೇಕು.

ಅಂವ ತನ್ನ ಆಳನ್ನ ಮುಂದ ಮಾಡಿದ. ಹಿರೇರು ಒಪ್ಪಲಿಲ್ಲ. ದೂರು ನಿಂದು, ಕೈಯೂ ನಿಂದೇ ಇರಲಿ ಅಂದರು. ಕೋಟಿನಾವ ಬೆವತ. ಬಿಸಿಲಿಗೆ ಅಂತ ತಿಳದೆ.

ನಾ ಐದು ಅಂತ ಹಿರೇರ ಕಿವ್ಯಾಗ ಉಸುರಿ, ವಲ್ಲಿ ಹೊಚ್ಚಿ, ಮನಸಿನ್ಯಾಗ ಹೆಂಡತಿಯ ರೊಟ್ಟಿ ಹಲಗಿ ನೆನಸಿ ಐದೂ ಬೆರಳು ಚಾಚಿದೆ. ಅವನ ಕೈ ಒಳಗ ಬಂತು. ಬಂದದ್ದೇ ನನ್ನ ಕಿರುಬೆರಳಿಗೆ ಏನೋ ಸಿಕ್ಕೊಂಡಿತು. ಗಟ್ಟಿ, ಬಗ್ಗಿದ್ದು, ಬಾವಿಗೆ ಬಿದ್ದ ಕೊಡ ಎತ್ತೂ ಕೊಕ್ಕಿ ಇದ್ದಂಗ. ಮುಟ್ಟಿ ನೋಡಿದೆ. ಉಂಗುರದ ಬೆರಳೂ ಹಂಗೇ, ಕಿರುಬೆರಳೂ ಹಂಗೇ. ಅಂಗೈಯಾಗ ತೊಗರಿಕಾಳಿನ ಗಂಟು.

ನಾ ಅವನ ಮಾರಿ ನೋಡಿದೆ. ಅಂವ ಮಳಿ ಬೆಳಿ ಮಾತಾಡೂದು ಬಿಟ್ಟು ಆಕಾಶ ನೋಡಾಕತ್ತಿದ್ದ.

ಬಿಡಿಸಿಕೊಳ್ಳಾಕ ಜಗ್ಗಿದೆ, ಬರಲಿಲ್ಲ. ಅಂವ ಜಗ್ಗಿದ, ನಾನೇ ಅವನ ಹಿಂದ ಹೋದೆ. ಇಬ್ಬರೂ ಎಡಕ್ಕ ತಿರುಗಿದಿವಿ, ಬಲಕ್ಕ ತಿರುಗಿದಿವಿ, ಎತ್ತಿನ ಸುತ್ತ ಒಂದು ಸುತ್ತು ಬಂದಿವಿ. ವಲ್ಲಿ ಜಾರಿದರ ಅವನ ಮಾನ ಹೋಗತಿತ್ತು. ಕೈ ಬರದಿದ್ದರ ನನ್ನ ಅನ್ನ ಹೋಗತಿತ್ತು. ನೋಡೂ ಮಂದಿ, ಎಂಥಾ ಬಿಗಿ ವ್ಯಾಪಾರಪಾ ಇದು ಅಂತ ತಲಿದೂಗಿದರು. ಎತ್ತು ನಿಂತು ನಿಂತು ಬ್ಯಾಸರಾಗಿ ಮಲಗಿದವು. ಎಲಿ ಅಡಿಕಿ ಮಾರಾಕಿ ಬುಟ್ಟಿ ಹೊತಗೊಂಡು ಅಲ್ಲೇ ಬಂದು ಕುಂತಳು.

ನಾ ಅವನ ಕಿವಿಗೆ ಬಾಯಿ ಹಚ್ಚಿದೆ.

“ಎಷ್ಟು ವರ್ಷ ಆತಲೇ?”

“ನಿನ್ನ ಬೈದ ಮರುವರ್ಷದಿಂದ,” ಅಂದ. ದನಿ ನೆಲಕ್ಕ ಹತ್ತಿತ್ತು.

“ಕೋಟು?”

“ಕಿಸೆ ಬೇಕಿತ್ತು.”

ನನಗ ನಗಿ ತಡೀಲಾರದ ಕಣ್ಣಾಗ ನೀರು ಬಂತು. ಮಂದಿ, ಪಾಪ ಅಂವಗ ನಷ್ಟ ಆಗಾಕತ್ತೈತಿ ಅಂತ ಮರುಗಿದರು. ನಾ ಈಗ ವಲ್ಲಿ ಕಿತ್ತು ಒಗದಿದ್ದರ ಆತಿತ್ತು, ಸಂತಿಗೆ ಸಂತಿನೇ ಅವನ ಕೈ ನೋಡತಿತ್ತು. ಖರೆ ಹೇಳತೀನಿ, ಒಂದು ಗಳಿಗಿ ಮನಸು ಆತು. ಆದರ ಅವನ ಬೆರಳು ನನ್ನ ಬೆರಳಿನ್ಯಾಗ ನಡಗಾಕತ್ತಿತ್ತು. ಎತ್ತು ನಡಗಿದರ ನಾ ಬಾರಕೋಲು ಎತ್ತೂದಿಲ್ಲ.

“ನಾ ಬಿಡಿಸಿಕೋತೀನಿ. ನಿನಗ ಬಿಡಿಸಾಕ ಆಗಂಗಿಲ್ಲ,” ಅಂದೆ. “ಸಿಕ್ಕಷ್ಟು ಬೆರಳು ಸಿಕ್ಕಷ್ಟೇ ಹೇಳಬೇಕು. ತಿಳೀತಾ?”

ಅಂವ ಗೋಣು ಹಾಕಿದ. ನಾ ಕಣ್ಣು ಮುಚ್ಚಿ, ಹಲಗಿ ಮ್ಯಾಲೆ ರೊಟ್ಟಿಯ ಅಂಚು ಸರಿಸೂ ಹಂಗ, ಮೆಲ್ಲಕ ಕಿರುಬೆರಳು ಚಾಚಿದೆ. ಜೋರು ಮಾಡಲಿಲ್ಲ. ಇರುವಿ ದಾಟೂ ಸಂದು ಒಂದು ಉಳಿದು ಬಾಕಿ ಎಲ್ಲಾ ನೆಟ್ಟಗಾತು, ಕೊಕ್ಕಿ ಕಳಚಿತು. ಅಂವ ನನ್ನ ಬೆರಳು ಒಂದೊಂದಾಗಿ ಮುಟ್ಟಿದ. ಕೈ ಹೊರಗ ಬಂದದ್ದೇ ಕಿಸೆದಾಗ ಹೋತು. ಹಿರೇರು ಕೇಳಿದರು. ಅಂವ ಗಂಟಲು ಸರಿ ಮಾಡಿಕೊಂಡು ಸಂತಿಗೆಲ್ಲಾ ಕೇಳೂ ಹಂಗ ಹೇಳಿದ:

“ಐದ್ರಿ. ಇಷ್ಟು ನೆಟ್ಟಗಿನ ಕೈ ಈ ಸಂತ್ಯಾಗ ಇನ್ನೊಂದಿಲ್ಲ.”

ವಲ್ಲಿ ಉಳೀತು. ನಾ ಅದನ್ನ ಝಾಡಿಸಿ ಹೆಗಲ ಮ್ಯಾಲೆ ಹಾಕಿದ ಗಾಳಿಗೆ ಮೂರು ಮಂದಿಯ ರುಂಬಾಲು ಹಾರಿದವು. ಹೋಗೂ ಮುಂದ ಅಂವ ಹಿಂದ ಹಿಂದ ಬಂದು, ಯಾವ ವೈದ್ಯ, ಎಂಥಾ ಔಷಧ ಅಂತ ಕೇಳಿದ. ಮೊದಲು ಬೆಟಗೇರಿ ಡಾಕ್ಟರಿಗೆ ಕೈ ತೋರಿಸು, ಆಮ್ಯಾಲೆ ನಮ್ಮ ಮನಿಗೆ ಬಾ, ಕೋಟು ಬಿಚ್ಚಿ ಬಾ ಅಂದೆ.

ನಾಡು ಒಂದಾದ ವಾರದಾಗ ಅಂವ ಶಿರಹಟ್ಟಿಗೆ ಬಂದ. ಬಗಲಾಗ ಜ್ವಾಳದ ಹಿಟ್ಟಿನ ಗಂಟು. ನನ್ನ ಹೆಂಡತಿಗೆ ಕೈ ಮುಗಿದು, ವೈನಿ ನಮಸ್ಕಾರ ಅಂದ, ಮುಕ್ಕಾಲು ನಮಸ್ಕಾರ. ಅವಳು ಬಾಗಿಲ ಅಗಳಿ ಹಾಕಿ, ಮೂರನೇ ಹಲಗಿ ತಗದು ಇಟ್ಟಳು. ಮೂವರೂ ಸಾಲಾಗಿ ಕುಂತು ಬಡಿಯಾಕ ಹತ್ತಿದಿವಿ.

ಸ್ವಲ್ಪ ಹೊತ್ತಿಗೆ ಬಾಜೂ ಮನಿ ಮುದುಕಿಯ ತಲಿ ಗ್ವಾಡಿ ಮ್ಯಾಲೆ ಮೂಡಿತು. ಇವತ್ತು ಮೂರನೇ ಸಪ್ಪಳ ಕೇಳಸಾಕತ್ತೈತಲ್ಲವಾ, ಅಂದಳು.

“ಹೂನಬೇ,” ಅಂದಳು ನನ್ನ ಹೆಂಡತಿ. “ಇದು ಲಕ್ಷ್ಮೇಶ್ವರದ್ದು. ಮೀಸಿ ಎರಡನೇದಾಕಿಗಿಂತ ದೊಡ್ಡವು ಅದಾವ. ರೊಟ್ಟಿನ್ನ ಮಾತ್ರ ಎಮ್ಮಿನೂ ಒಲ್ಲೆ ಅಂತು.”